ಗೋದಲಿಗೆ ಬಾರದ ಕುರಿ

ಕನ್ನಡದಲ್ಲಿ ಒಬ್ಬನ ಬುದ್ಧಿಯನ್ನು ಹಳಿಯಬೇಕಾದರೆ ‘ಕುರಿ’ ಎಂದರೆ ಸಾಕು; ಹಲವರನ್ನು ಒಟ್ಟಿಗೆ ಹಳಿಯಬೇಕಾದರೆ ‘ಕುರಿಮಂದೆ’ ಎಂಬ ಮಾತು ಸಿದ್ಧವಾಗಿಯೇ ಇದೆ. ಈ ಮಾತುಗಳನ್ನು ಬಳಕೆಗೆ ತಂದವರು ಕುರಿಯನ್ನು ದೂರದಿಂದ, ಅದು ರಸ್ತೆಗೆ ಅಡ್ಡವಾಗಿ ಹಾದುಹೋಗುವಾಗ ಮಾತ್ರ ನೋಡಿದವರಿರಬೇಕು. ಚಳಿಗಾಲದ ಮೂರು ತಿಂಗಳು ಇನ್ನೂರು ಕುರಿಗಳನ್ನು ಒಂದೇ ಸೂರಿನ ಕೆಳಗೆ ಕೂಡಿಹಾಕಿ, ಎರಡು ಹೊತ್ತು ಮೇವಿಕ್ಕಿ ಸಲಹುವ ರೈತನಿಗೆ ಮಂದೆ ಎಂಬುದು ಕಾಣುವುದೇ ಇಲ್ಲ. ಅವನ ಕಣ್ಣಿಗೆ ಬೀಳುವುದು ಒಂದೊಂದೇ ಕುರಿ. ಅದರಲ್ಲಿಯೂ ಮುಖ್ಯವಾಗಿ, ಮೇವಿಗೆ ಬಾರದೆ ಹಿಂದೆ ಉಳಿದ ಕುರಿ.

ಅಂಥ ರೈತರು ಬಹಳವಾಗಿರುವ ಸೀಮೆಗಳಲ್ಲಿ ಇಂಗ್ಲೆಂಡಿನ ಉತ್ತರಕ್ಕಿರುವ ಕಂಬ್ರಿಯ ಒಂದು. ಅಲ್ಲಿ ಈಡನ್ ಎಂಬ ಹೊಳೆಯ ಬಯಲು. ಬಯಲಿನ ಪೂರ್ವಕ್ಕೆ ಪೆನ್ನೈನ್ ಬೆಟ್ಟಸಾಲು. ಆ ಸಾಲಿನ ಅತ್ಯುನ್ನತ ಶಿಖರ ಕ್ರಾಸ್ ಫೆಲ್. ಎತ್ತರ 893 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೂ ಇಲ್ಲ. ಆದರೆ ಎತ್ತರವನ್ನು ಕಂಡು ಈ ಬೆಟ್ಟವನ್ನು ಹಗುರವಾಗಿ ಎಣಿಸಿದವನು ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಬರಬೇಕು. ಬೆಟ್ಟದ ನೆತ್ತಿಯಿಂದ ಬಯಲಿನ ಕಡೆಗೆ ಬೀಸಿಳಿಯುವ ಒಂದು ಗಾಳಿಗೆ ಜನ ‘ಹೆಲ್ಮ್’ ಎಂದು ಹೆಸರಿಟ್ಟಿರುವರು. ಬ್ರಿಟನ್ನಿನಲ್ಲಿ ತನ್ನದೇ ಹೆಸರನ್ನು ಪಡೆದಿರುವ ಗಾಳಿ ಅದೊಂದೇ ಎಂದು ಅಲ್ಲಿಯವರ ಹೆಮ್ಮೆ. ಚಳಿಗಾಲದ ನಡುವಿನಲ್ಲಿ ಸೂರ್ಯ ಎಂಟೂವರೆಗೆ ಹುಟ್ಟಿ ಸಂಜೆ ನಾಲ್ಕಕ್ಕೆ ಮುನ್ನವೇ ಮುಳುಗುವನು. ನೆಲದ ಶಾಖ ಐದಾರು ಡಿಗ್ರಿಗಿಂತ ಕೆಳಗಿಳಿಯಿತೆಂದರೆ ಹುಲ್ಲು ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಹಸುರಾಗಿಯೇ ಕಾಣುತ್ತದೆ, ಆದರೆ ಅದು ಬಣ್ಣ ಬಳಿದ ಹಸುರು, ಅದರಲ್ಲಿ ಸತ್ತ್ವವಿಲ್ಲ.

ಈ ಬಯಲಿನ ಕೊಟ್ಟಿಗೆಗಳಲ್ಲಿ ಚಳಿಗಾಲವನ್ನು ಕಳೆಯುವ ಕುರಿಗೆ ‘ಮ್ಯೂಲ್’ ಎಂದು ಹೆಸರು. ಮ್ಯೂಲ್ ಎಂದರೆ ಹೇಸರಗತ್ತೆ. ಎರಡು ಜಾತಿಗಳ ಸಂಕರವೆಂಬ ಒಂದೇ ಹೋಲಿಕೆಯಿಂದ ಈ ಹೆಸರು ಬಂದಿರಬೇಕು; ಉಳಿದಂತೆ ಇದರಷ್ಟು ತಪ್ಪಾದ ಹೆಸರು ಇನ್ನೊಂದಿಲ್ಲ. ಹೇಸರಗತ್ತೆ ಬಂಜೆ, ಈ ಕುರಿಯಾದರೋ ಅವಳಿ ಹೆರುವುದರಲ್ಲಿ ಎತ್ತಿದ ಕೈ.

ಇದರ ತಾಯಿ ಬೆಟ್ಟದವಳು: ಸ್ವೇಲ್‌ಡೇಲ್ ತಳಿ. ಕಪ್ಪು ಮುಖ, ಬೂದುಬಿಳಿಯ ಮೂತಿ, ಸುರುಳಿಕೊಂಬು, ಒರಟು ಉಣ್ಣೆ. ಬೇಲಿಯಿಲ್ಲದ ಬೆಟ್ಟದಲ್ಲಿ ತನ್ನ ಪಾಲಿನ ನೆಲ ಇಷ್ಟೇ ಎಂದು ಅರಿತು ಅಲ್ಲಿಯೇ ಮೇಯುವುದು ಇದರ ಗುಣ. ಆ ಅರಿವನ್ನು ಯಾರೂ ಕಲಿಸುವುದಿಲ್ಲ. ತಾಯಿಯ ಬೆನ್ನ ಹಿಂದೆ ನಡೆದ ಮರಿ ತಾನೇ ಕಲಿಯುತ್ತದೆ, ಮುಂದೆ ತನ್ನ ಮರಿಗೆ ದಾಟಿಸುತ್ತದೆ. ‘ಹೆಫ್ಟ್’ ಎಂಬುದು ಆ ನೆಲದ ನಂಟಿಗೆ ಅಲ್ಲಿಯ ಕುರುಬರ ಮಾತು. ತಂದೆ ಬಯಲಿನವನು: ಬ್ಲೂಫೇಸ್ಡ್ ಲೆಸ್ಟರ್, ಅಂದರೆ ನೀಲಿಮುಖದ ಲೆಸ್ಟರ್ ಟಗರು. ಉದ್ದ ಕಾಲು, ಗರುಡಮೂಗು, ನವುರಾದ ತೆಳು ಉಣ್ಣೆ. ಮುಖದ ಬಿಳಿಗೂದಲ ಅಡಿಯಿಂದ ಚರ್ಮದ ನೀಲಿ ಇಣುಕುವುದು. ಈ ವಂಶದ ಮೂಲವನ್ನು ಹಿಡಿದು ಹೋದರೆ ಹದಿನೆಂಟನೆಯ ಶತಮಾನದ ರಾಬರ್ಟ್ ಬೇಕ್‌ವೆಲ್‌ನ (1725–1795) ಕೊಟ್ಟಿಗೆಗೆ ತಲಪುತ್ತೇವೆ. ಲೆಸ್ಟರ್‌ಷೈರಿನ ಡಿಷ್ಲಿ ಎಂಬಲ್ಲಿ ರೈತನಾಗಿದ್ದ ಈತ ಬೇಕಾದ ಗುಣಗಳನ್ನು ಆರಿಸಿ ಆರಿಸಿ ತಳಿ ಕಟ್ಟುವ ವಿದ್ಯೆಗೆ ಒಂದು ಶಿಸ್ತು ತಂದವನು. ತನ್ನ ಟಗರುಗಳನ್ನು ಮಾರದೆ, ಋತುವಿಗೆ ಇಷ್ಟೆಂದು ಬಾಡಿಗೆಗೆ ಕೊಡುತ್ತಿದ್ದ ಜಾಣ.

ನೀಲಿಮುಖದ ಟಗರು ಮಳೆ ಚಳಿಗಳಿಗೆ ಅಷ್ಟೇನೂ ಗಟ್ಟಿಯಲ್ಲ. ಆದರೆ ಅದರ ಹೆಣ್ಣುಮಗಳು ತಾಯಿಯಿಂದ ಗಟ್ಟಿತನವನ್ನೂ ಮಮತೆಯನ್ನೂ, ತಂದೆಯಿಂದ ಮೈಕಟ್ಟನ್ನೂ ಅವಳಿಯ ಭಾಗ್ಯವನ್ನೂ ಪಡೆದು ಹುಟ್ಟುತ್ತಾಳೆ. ಬೆಟ್ಟದಲ್ಲಿ ನೂರು ಕುರಿಗೆ ನೂರಕ್ಕೆ ಸ್ವಲ್ಪ ಹೆಚ್ಚು ಮರಿ ಸಿಕ್ಕಿದರೆ ಪುಣ್ಯ. ಮ್ಯೂಲ್ ಕುರಿಗಳಲ್ಲಿ ನೂರಕ್ಕೆ ನೂರೆಂಬತ್ತು, ಒಮ್ಮೊಮ್ಮೆ ಇನ್ನೂರು. ಈ ಹೆಣ್ಣುಮರಿಗಳನ್ನು ಮಾರುವ ಸಂತೆಗಳು ಲೇಜನ್‌ಬಿ, ಹಾಸ್, ಕರ್ಕ್‌ಬಿ ಸ್ಟೀಫನ್ ಮೊದಲಾದ ಊರುಗಳಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಸೇರುವುವು. ಸಂತೆಗೆ ಮುಂಚೆ ಮರಿಗಳ ಮುಖವನ್ನು ಸಾಬೂನು ಹಾಕಿ ತೊಳೆಯುವರು. ಮೈಯ ಉಣ್ಣೆಗೆ ಜೌಗುಮಣ್ಣಿನ ಕಂದುಬಣ್ಣ ಏರುವಂತೆ ಅದ್ದಿ ತೆಗೆಯುವರು. ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಮನೆಯವರು ಪಡುವ ಸಡಗರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೊಂಡುಕೊಂಡ ಬಯಲಿನ ರೈತ ಇವನ್ನು ಟೆಕ್ಸೆಲ್ ಅಥವಾ ಸಫೋಕ್ ಎಂಬ ದಪ್ಪಮೈಯ ಟಗರಿಗೆ ಕೂಡಿಸುತ್ತಾನೆ. ಹೀಗೆ ಹುಟ್ಟಿದ ಮೂರು ತಳಿಗಳ ಮರಿಯೇ ಕೊನೆಗೆ ಪೇಟೆಯ ಮಾಂಸವಾಗುವುದು.

ಟಗರು ಬಿಡುವ ದಿನಕ್ಕೆ ಅಲ್ಲಿ ಒಂದು ಚಮತ್ಕಾರದ ಲೆಕ್ಕವಿದೆ. ನವೆಂಬರ್ 5ರ ರಾತ್ರಿ ಇಂಗ್ಲೆಂಡಿನಲ್ಲೆಲ್ಲ ಬಾಣ ಬಿರುಸು ಹಾರಿಸುವ ಹಬ್ಬ. ಆ ಪಟಾಕಿಯ ದಿನ ಟಗರನ್ನು ಮಂದೆಗೆ ಬಿಟ್ಟರೆ ಏಪ್ರಿಲ್ 1ರ ಮೂರ್ಖರ ದಿನದಂದು ಮೊದಲ ಮರಿ. ನಡುವೆ 147 ದಿನ. ಕುರಿಯ ಗಬ್ಬದ ಅವಧಿ ಅಷ್ಟೇ. ಟಗರಿನ ಎದೆಗೆ ಬಣ್ಣದ ಗಟ್ಟಿಯೊಂದನ್ನು ಕಟ್ಟಿರುತ್ತಾರೆ. ಕೂಡಿದ ಕುರಿಯ ಬೆನ್ನಿನ ಮೇಲೆ ಅದರ ಗುರುತು ಬೀಳುತ್ತದೆ. ಹದಿನೇಳು ದಿನಗಳಿಗೊಮ್ಮೆ ಬೆದೆ ಬರುವುದರಿಂದ ಆ ಹೊತ್ತಿಗೆ ಬಣ್ಣವನ್ನು ಬದಲಾಯಿಸುವರು. ಯಾವ ಕುರಿ ಯಾವ ವಾರ ಈಯುವುದೆಂಬ ಪಂಚಾಂಗ ಹೀಗೆ ಕುರಿಯ ಬೆನ್ನಿನ ಮೇಲೆಯೇ ಬರೆದಿರುತ್ತದೆ.

ಕುರಿಯನ್ನು ಕೊಟ್ಟಿಗೆಗೆ ತರುವುದು ಚಳಿಗೆ ಹೆದರಿ ಎಂದು ಭಾವಿಸಿದರೆ ಅದು ತಪ್ಪು. ಮೈತುಂಬ ಒಣ ತುಪ್ಪಟವಿರುವ ಕುರಿ, ಗಾಳಿಯ ಮರೆಯೊಂದು ಸಿಕ್ಕಿದರೆ, ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಲೆಕ್ಕಿಸುವುದಿಲ್ಲ. ಹೊರಗೆ ಕಂಬಳಿ, ಒಳಗೆ ಒಲೆ. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ಹೊಟ್ಟೆ ಒಂದು ದೊಡ್ಡ ಹುದುಗುಪಾತ್ರೆ. ಅದರಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಯಿಸಿ ಕರಗಿಸುತ್ತಿರುವಾಗ ಶಾಖ ಹುಟ್ಟುತ್ತಲೇ ಇರುತ್ತದೆ. ಹುಲ್ಲು ತಿನ್ನುತ್ತಿರುವವರೆಗೆ ಆ ಒಲೆ ಆರದು. ಕುರಿಗೆ ಶತ್ರು ಚಳಿಯಲ್ಲ. ಒದ್ದೆ, ಕೆಸರು, ಹಸಿವು. ನೆನೆದ ನೆಲದ ಮೇಲೆ ಇನ್ನೂರು ಕುರಿಗಳ ಎಂಟುನೂರು ಗೊರಸುಗಳು ಮೂರು ತಿಂಗಳು ಓಡಾಡಿದರೆ ಚೈತ್ರದ ಹುಲ್ಲು ಬೇರುಸಹಿತ ನಾಶವಾಗುತ್ತದೆ. ನೆಲವನ್ನು ಕುರಿಯಿಂದ ಉಳಿಸಿಕೊಳ್ಳುವುದಕ್ಕಾಗಿಯೂ ಕುರಿಯನ್ನು ಕೊಟ್ಟಿಗೆಗೆ ಕಟ್ಟುವರು.

1947ರ ಚಳಿಗಾಲವನ್ನು ಬ್ರಿಟನ್ನಿನ ಕುರುಬರು ಮರೆತಿಲ್ಲ. ಜನವರಿಯ ಕೊನೆಗೆ ಆರಂಭವಾದ ಹಿಮ ಮಾರ್ಚಿಯವರೆಗೂ ಬಿಡಲಿಲ್ಲ. ಹಿಮದ ಗುಡ್ಡೆಗಳ ಅಡಿಯಲ್ಲಿ ಸಿಕ್ಕಿ, ಮೇವಿಲ್ಲದೆ, ಅದರ ಹಿಂದೆಯೇ ಬಂದ ನೆರೆಯಲ್ಲಿ ಕೊಚ್ಚಿ, ಸುಮಾರು 40 ಲಕ್ಷ ಕುರಿಗಳು ಸತ್ತುವು. ದೇಶದ ಒಟ್ಟು ಕುರಿಗಳಲ್ಲಿ ಕಾಲುಪಾಲು. ಉದ್ದ ಕೋಲಿನಿಂದ ಹಿಮವನ್ನು ತಿವಿದು ತಿವಿದು ಹುಡುಕಿದ ಕಥೆಗಳನ್ನು ಅಜ್ಜಂದಿರು ಹೇಳುತ್ತಿದ್ದರು. 1960ರ ದಶಕದಿಂದೀಚೆಗೆ ಬಯಲಿನಲ್ಲಿ ಕುರಿಗಳಿಗೆಂದೇ ದೊಡ್ಡ ಕೊಟ್ಟಿಗೆಗಳು ಹೆಚ್ಚತೊಡಗಿದುವು. ಅವುಗಳ ಗೋಡೆಗಳನ್ನು ನೋಡಿದರೆ ಹೊಸಬನಿಗೆ ಆಶ್ಚರ್ಯವಾದೀತು: ಹಲಗೆ ಹಲಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿರುತ್ತದೆ. ಬೆಚ್ಚಗಿನ ಮುಚ್ಚಿದ ಕೋಣೆಯಲ್ಲಿ ಮೂತ್ರದ ಘಾಟು, ಉಸಿರಿನ ಹಬೆ ಸೇರಿ ಕುರಿಗಳಿಗೆ ನ್ಯುಮೋನಿಯ ತಗಲುತ್ತದೆ. ತಣ್ಣಗಿನ ಒಣ ಗಾಳಿಯಲ್ಲಿ ತಗಲುವುದಿಲ್ಲ. ಮಗುವಿಗೆ ಶೀತವಾಯಿತೆಂದು ಕಿಟಕಿಗಳನ್ನೆಲ್ಲ ಭದ್ರಪಡಿಸುವ ತಾಯಂದಿರಿಗೆ ಇದು ರುಚಿಸಲಾರದು. ಇನ್ನೂ ವಿಚಿತ್ರವೆಂದರೆ, ಕೆಲವರು ಕೊಟ್ಟಿಗೆಗೆ ತಂದ ಕುರಿಗಳ ಉಣ್ಣೆಯನ್ನು ಆ ನಡುಚಳಿಯಲ್ಲಿಯೇ ಕತ್ತರಿಸಿಬಿಡುವರು! ಉಣ್ಣೆ ಹೋದ ಕುರಿ ಹೆಚ್ಚು ತಿನ್ನುತ್ತದೆ. ಹುಟ್ಟುವ ಮರಿ ದಪ್ಪವಾಗಿರುತ್ತದೆ. ಇಕ್ಕಟ್ಟಿನಲ್ಲಿ ಸೆಕೆಯೂ ಆಗದು. ಹಾಗೆ ಮಾಡಿದವರು ಅವನ್ನು ವಸಂತದವರೆಗೆ ಹೊರಗೆ ಬಿಡುವಂತಿಲ್ಲ, ಅಷ್ಟೆ.

ಇನ್ನು ಮೇವಿನ ಮಾತು. ಚಳಿಗಾಲದ ಊಟ ಜೂನ್ ಜುಲೈ ತಿಂಗಳಲ್ಲಿಯೇ ನಿಶ್ಚಯವಾಗಿಬಿಟ್ಟಿರುತ್ತದೆ. ಬಿಸಿಲಿರುವಾಗಲೇ ಹುಲ್ಲೊಣಗಿಸಬೇಕೆಂಬ ಇಂಗ್ಲಿಷ್ ಗಾದೆಯನ್ನು ಶಾಲೆಯ ಮಕ್ಕಳು ‘ಗಾಳಿ ಬಂದಾಗ ತೂರಿಕೋ’ ಎಂದು ಅನುವಾದಿಸುವರು. ಅನುವಾದ ಸರಿಯೇ, ನಮ್ಮ ಗಾದೆ ಕಣದಲ್ಲಿ ಹುಟ್ಟಿತು, ಅವರದು ಹುಲ್ಲುಗಾವಲಿನಲ್ಲಿ. ಆದರೆ ಮಳೆ ಬಿಡದ ಆ ಸೀಮೆಯಲ್ಲಿ ಸತತವಾಗಿ ನಾಲ್ಕು ದಿನದ ಬಿಸಿಲು ದೊರೆಯುವುದು ಎಷ್ಟು ದುರ್ಲಭವೆಂದು ತಿಳಿದ ಮೇಲೆಯೇ ಅವರ ಗಾದೆಯ ಆತುರ ಅರ್ಥವಾಗುವುದು. ತೆನೆ ಒಡೆಯುವ ಮುನ್ನ ಕೊಯ್ದು, ಮಳೆ ತಾಗದಂತೆ ಒಣಗಿಸಿದ ಹುಲ್ಲಿನಲ್ಲಿ ಎಲೆ ಹೆಚ್ಚು, ಸತ್ತ್ವ ಹೆಚ್ಚು. ಹದಿನೈದು ದಿನ ತಡವಾದರೆ ಬರಿಯ ಕಡ್ಡಿ. ಎರಡು ಬಗೆಯ ಬಣವೆಯೂ ನೋಟಕ್ಕೆ ಒಂದೇ ಎತ್ತರ. ಕಡ್ಡಿಹುಲ್ಲನ್ನು ತಿಂದ ಕುರಿಯ ಹೊಟ್ಟೆ ತುಂಬಿರುತ್ತದೆ, ಕುರಿ ಮಾತ್ರ ಉಪವಾಸವಿರುತ್ತದೆ. ಆದುದರಿಂದ ಈಚಿನ ರೈತರು ಬಣವೆಯ ಒಂದು ಹಿಡಿ ಹುಲ್ಲನ್ನು ಪ್ರಯೋಗಶಾಲೆಗೆ ಕಳುಹಿಸಿ, ಅದರ ಗುಣವನ್ನು ತಿಳಿದು, ಮಿಕ್ಕ ತಿನಿಸಿನ ಲೆಕ್ಕ ಹಾಕುವರು. ಬಿಸಿಲು ಸಿಗದವರು ಹಸಿಹುಲ್ಲನ್ನು ಗಾಳಿಯಾಡದಂತೆ ಸುತ್ತಿ ಹುಳಿಯಿಸಿ ರಸಮೇವು ಮಾಡುವುದೂ ಉಂಟು. ಅದರ ಹೊದಿಕೆ ಹರಿದು ಬೂಸಲು ಹಿಡಿಯಿತೋ, ಮಣ್ಣು ಸೇರಿತೋ, ಲಿಸ್ಟೀರಿಯ ಎಂಬ ರೋಗಾಣು ಬೆಳೆದು ಕುರಿಯ ಮಿದುಳಿಗೇ ಕೈ ಹಾಕುತ್ತದೆ. ಒಂದೇ ದಿಕ್ಕಿಗೆ ಸುತ್ತು ಸುತ್ತು ತಿರುಗಿ ಕುರಿ ಕುಸಿಯುತ್ತದೆ.

ಎಪ್ಪತ್ತೈದು ಕಿಲೋ ತೂಗುವ ಮ್ಯೂಲ್ ಕುರಿಗೆ ದಿನಕ್ಕೆ ಸುಮಾರು ಒಂದೂವರೆ ಕಿಲೋ ಒಣಹುಲ್ಲು ಬೇಕು. ಇನ್ನೂರು ಕುರಿಗೆ ದಿನಕ್ಕೆ 300 ಕಿಲೋ. ತೊಂಬತ್ತು ದಿನಕ್ಕೆ 27 ಟನ್ನು. ಇಪ್ಪತ್ತು ಕಿಲೋದ ಹಳೆಯ ಮಾದರಿಯ ಹೊರೆಗಳಲ್ಲಿ ಎಣಿಸಿದರೆ 1,350 ಹೊರೆ. ಜನವರಿಯ ಮೊದಲಲ್ಲಿ ಸೂರು ಮುಟ್ಟುವ ಈ ರಾಶಿ ದಿನಕ್ಕೆ ಹದಿನೈದು ಹೊರೆಯಂತೆ ಇಳಿಯುತ್ತ ಬರುತ್ತದೆ. ತಿಂಗಳ ಕೊನೆಯಲ್ಲಿ ಡಬ್ಬಿಯ ತಳ ಕಾಣಿಸುವುದನ್ನು ಬಲ್ಲ ಗೃಹಿಣಿಯರಿಗೆ ಆ ರೈತನ ಮಾರ್ಚಿ ತಿಂಗಳ ಮನಸ್ಸನ್ನು ವಿವರಿಸಬೇಕಾಗಿಲ್ಲ. ನೀರನ್ನಂತೂ ಮರೆಯುವಂತೆಯೇ ಇಲ್ಲ. ಒಣಹುಲ್ಲು ತಿನ್ನುವ ಗಬ್ಬದ ಕುರಿಗೆ ದಿನಕ್ಕೆ ನಾಲ್ಕೈದು ಲೀಟರು ಬೇಕು. ಮುಂಜಾನೆ ಬಾನಿಯ ನೀರು ಹೆಪ್ಪುಗಟ್ಟಿದ್ದರೆ ರೈತನ ಮೊದಲ ಕೆಲಸ ಆ ಮಂಜುಗಡ್ಡೆಯನ್ನು ಒಡೆಯುವುದು. ನೀರು ನಿಂತರೆ ಮೇವೂ ನಿಲ್ಲುತ್ತದೆ.

ಡಿಸೆಂಬರ್ ಜನವರಿಗಳು ಹೇಗೋ ಕಳೆಯುತ್ತವೆ. ಕಷ್ಟವಿರುವುದು ಈಯುವುದಕ್ಕೆ ಮುಂಚಿನ ಕೊನೆಯ ಆರು ವಾರಗಳಲ್ಲಿ. ಗರ್ಭದಲ್ಲಿರುವ ಮರಿಯ ಬೆಳವಣಿಗೆಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ನಡೆಯುವುದು ಈ ಆರು ವಾರಗಳಲ್ಲಿಯೇ. ಎರಡು ಮೂರು ಮರಿಗಳಿಂದ ಉಬ್ಬಿದ ಗರ್ಭಕೋಶ ಪಕ್ಕದ ಹೊಟ್ಟೆಯನ್ನು ಒತ್ತುತ್ತದೆ. ಹುಲ್ಲಿಗೆ ಒಳಗೆ ಎಡೆಯೇ ಇಲ್ಲ. ಬೇಕಾದುದು ದಿನದಿನಕ್ಕೆ ಹೆಚ್ಚು, ಹಿಡಿಸುವುದು ದಿನದಿನಕ್ಕೆ ಕಡಮೆ. ಬೆಟ್ಟದ ಅಜ್ಜಿಕುರಿಗೆ ಈ ಸಂಕಟ ಅಷ್ಟಾಗಿ ಇರಲಿಲ್ಲ. ಹೆರುವುದು ಒಂದೇ ಮರಿಯಾದುದರಿಂದ ಅರೆಹೊಟ್ಟೆಯಲ್ಲಿಯೂ ದಾಟಿಬಿಡುತ್ತಿದ್ದಳು. ಅವಳಿಯ ಭಾಗ್ಯವನ್ನು ಮೊಮ್ಮಗಳಿಗೆ ತಂದುಕೊಟ್ಟವನು ಮನುಷ್ಯ; ಅವನ ಆಸೆಯಿಂದ ಹುಟ್ಟಿದ ಆ ಹಸಿವನ್ನು ತುಂಬುವ ಹೊಣೆಯೂ ಅವನದೇ ಆಗಬೇಕಷ್ಟೆ.

ಎಷ್ಟು ತುಂಬಬೇಕೆಂದು ತಿಳಿಯಲು ಈಗ ಯಂತ್ರದ ನೆರವಿದೆ. 1980ರ ದಶಕದಿಂದ ಬಳಕೆಗೆ ಬಂದ ಧ್ವನಿತರಂಗದ ಯಂತ್ರವನ್ನು ಗಬ್ಬದ ಎಂಬತ್ತನೆಯ ದಿನದ ಸುಮಾರಿಗೆ ಕುರಿಯ ಹೊಟ್ಟೆಗೆ ತಾಗಿಸಿದರೆ ತೆರೆಯ ಮೇಲೆ ಒಂದೇ, ಎರಡೇ, ಮೂರೇ ಎಂಬುದು ಕಾಣುತ್ತದೆ. ನುರಿತವನು ಗಂಟೆಗೆ ನೂರಕ್ಕೂ ಮಿಕ್ಕಿ ಕುರಿಗಳನ್ನು ನೋಡಿ ಮುಗಿಸುತ್ತಾನೆ. ಎಣಿಕೆಗೆ ತಕ್ಕ ಬಣ್ಣದ ಬೊಟ್ಟು ಬೆನ್ನಿಗೆ ಬೀಳುತ್ತದೆ. ಒಂಟಿಯವು ಒಂದು ಅಂಕಣಕ್ಕೆ, ಅವಳಿಯವು ಇನ್ನೊಂದಕ್ಕೆ, ತ್ರಿವಳಿಯವು ಮತ್ತೊಂದಕ್ಕೆ. ಒಂಟಿಮರಿಯ ತಾಯಿಗೆ ಹೆಚ್ಚು ತಿನ್ನಿಸಿದರೆ ಮರಿ ಅತಿಯಾಗಿ ಬೆಳೆದು ಹೆರಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳಿಯ ತಾಯಿಗೆ ಆರು ವಾರ ಮುಂಚೆ ದಿನಕ್ಕೆ ಕಾಲು ಕಿಲೋಗಿಂತ ಕಡಮೆಯಾಗಿ ಧಾನ್ಯ, ಬೂಸ, ಹಿಂಡಿಗಳ ಮಿಶ್ರಣ. ವಾರವಾರಕ್ಕೂ ಸ್ವಲ್ಪ ಸ್ವಲ್ಪವೇ ಏರಿಸಿ ಕೊನೆಯ ವಾರದ ಹೊತ್ತಿಗೆ ಮುಕ್ಕಾಲು ಕಿಲೋ ಮೇಲ್ಪಟ್ಟು. ಕೊನೆಯ ವಾರಗಳಲ್ಲಿ ಹೊಟ್ಟೆಯಲ್ಲಿರುವ ಒಂದೊಂದು ಮರಿಯ ಹೆಸರಿನಲ್ಲಿಯೂ ನೂರು ಗ್ರಾಂ ಸೋಯಾ ಹಿಂಡಿ ಎಂಬುದು ಅಲ್ಲಿ ರೂಢಿಯ ಲೆಕ್ಕ. ಗಿಣ್ಣು ಚೆನ್ನಾಗಿ ಇಳಿಯಲೆಂದು. ಒಂದೇ ಹೊತ್ತಿಗೆ ಅರ್ಧ ಕಿಲೋ ಮೀರುವಂತಿಲ್ಲ. ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲಿಗೆ ಒಗ್ಗಿದವು. ಧಾನ್ಯವನ್ನು ಒಮ್ಮೆಲೇ ಸುರಿದರೆ ಹುಳಿಯೇರಿ ಕುರಿ ಸತ್ತೇ ಹೋದೀತು. ದನದ ಹಿಂಡಿಯನ್ನು ಕುರಿಗೆ ಹಾಕುವುದೂ ಅಪಾಯವೇ. ದನಕ್ಕೆ ಹಿತವಾದಷ್ಟು ತಾಮ್ರದ ಅಂಶ ಕುರಿಗೆ ವಿಷ. ಟೆಕ್ಸೆಲ್ ರಕ್ತದ ಕುರಿಗಳಿಗಂತೂ ಇನ್ನೂ ವಿಷ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂಡಿಕೊಂಡು, ಒಂದು ದಿನ ಹಠಾತ್ತಾಗಿ ಕೊಲ್ಲುವುದು.

ಯಂತ್ರ ಹೊಟ್ಟೆಯೊಳಗಿನದನ್ನು ತೋರಿಸೀತು. ಬೆನ್ನಿನ ಮೇಲಿನದನ್ನು ತಿಳಿಯಲು ಕೈಯೇ ಬೇಕು. ಉಣ್ಣೆ ಸುಳ್ಳು ಹೇಳುತ್ತದೆ. ಬಡಕಲು ಕುರಿಯೂ ತುಪ್ಪಟದಲ್ಲಿ ಗುಂಡಗೆ ಕಾಣುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆರಳೂರಿ, ಮೂಳೆ ಚೂಪಾಗಿ ಚುಚ್ಚುತ್ತದೆಯೇ, ಮಾಂಸದಲ್ಲಿ ಹುದುಗಿದೆಯೇ ಎಂದು ನೋಡಿ ಅಂಕ ಕೊಡುವ ಕ್ರಮವೊಂದುಂಟು. ಈಗಿನ ಲೆಕ್ಕದಲ್ಲಿ ಒಂದು ಎಂದರೆ ಎಲುಬಿನ ಗೂಡು, ಐದು ಎಂದರೆ ಕೊಬ್ಬಿನ ಮುದ್ದೆ. 1961ರಲ್ಲಿ ಟಾಸ್ಮೇನಿಯದ ಕೃಷಿಪತ್ರಿಕೆಯೊಂದರಲ್ಲಿ ಜೆಫ್ರೀಸ್ ಎಂಬಾತ ಇದನ್ನು ವಿವರಿಸಿದ ಮೇಲೆ ಎಲ್ಲೆಡೆ ಹರಡಿತು. ಅಂಕ ಹೊಸದು, ಬೆರಳು ಹಳೆಯದು.

ಎಣಿಸುವ ವಿದ್ಯೆಯೂ ಹಳೆಯದೇ. ಈ ಬೆಟ್ಟಗಳ ಕುರುಬರು ಹಿಂದೆ ಕುರಿಗಳನ್ನು ಎಣಿಸುವಾಗ ಇಂಗ್ಲಿಷಿನ ಅಂಕಿಗಳನ್ನು ಬಳಸುತ್ತಿರಲಿಲ್ಲ. ಯಾನ್, ತಾನ್, ತೆಥೆರ, ಮೆಥೆರ, ಪಿಂಪ್ ಎಂದು ಎಣಿಸುತ್ತಿದ್ದರು. ಕಣಿವೆಯಿಂದ ಕಣಿವೆಗೆ ಉಚ್ಚಾರ ಬೇರೆಯಾದರೂ ಮೂಲ ಒಂದೇ. ವೆಲ್ಷ್ ಭಾಷೆಯಲ್ಲಿ ಐದಕ್ಕೆ ಇಂದಿಗೂ ‘ಪಿಂಪ್’ ಎಂದೇ ನುಡಿಯುವರು. ಇಂಗ್ಲಿಷು ಬರುವುದಕ್ಕೆ ಮುಂಚೆ ಅಲ್ಲಿದ್ದ ಕೆಲ್ಟಿಕ್ ನುಡಿಯ ನಂಟು ಹೀಗೆ ಕುರಿಯ ಲೆಕ್ಕದಲ್ಲಿ ಉಳಿದುಕೊಂಡಿತು. ರಾಜ್ಯಗಳು ಹೋದುವು, ಭಾಷೆ ಹೋಯಿತು, ಕುರಿಯ ಲೆಕ್ಕ ಮಾತ್ರ ಉಳಿಯಿತು. ಭಾಷಾಶಾಸ್ತ್ರಜ್ಞರಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ದೊರೆಯುವುದು ಕಷ್ಟ.

ಮೇವಿನ ಹೊತ್ತು ಕೊಟ್ಟಿಗೆಯಲ್ಲಿ ದೊಡ್ಡ ಗದ್ದಲ. ಬಾಗಿಲ ಚಿಲಕ ಸದ್ದಾದರೆ ಸಾಕು, ಇನ್ನೂರು ಕೊರಳುಗಳು ಒಮ್ಮೆಲೇ ಕೂಗುತ್ತವೆ. ಗೋದಲಿಯಲ್ಲಿ ಪ್ರತಿ ಕುರಿಗೂ ಸುಮಾರು 45 ಸೆಂಟಿಮೀಟರು ಜಾಗವಿರಬೇಕು. ಅದಕ್ಕಿಂತ ಕಡಮೆಯಾದರೆ ಬಲಿಷ್ಠವಾದವು ಎರಡು ಪಾಲು ತಿನ್ನುತ್ತವೆ, ಸಂಕೋಚದವು ಹಿಂದೆ ನಿಲ್ಲುತ್ತವೆ. ಮದುವೆಯ ಪಂಕ್ತಿಗಳಲ್ಲಿ ಇದನ್ನು ಕಂಡವರು ಕುರಿಗಳನ್ನು ನಿಂದಿಸಲಾರರು. ತಿನಿಸು ಸುರಿದ ಕ್ಷಣದಲ್ಲಿ ಗದ್ದಲ ಪಕ್ಕನೆ ನಿಲ್ಲುವುದು. ಕೇಳಿಸುವುದು ಅಗಿಯುವ ಸದ್ದೊಂದೇ. ಚೀಲವನ್ನು ಬರಿದು ಮಾಡಿದ ರೈತ ಆಗ ಸುಮ್ಮನೆ ಒಂದು ಕಡೆ ನಿಲ್ಲುತ್ತಾನೆ. ದೂರದಿಂದ ನೋಡಿದವರಿಗೆ ಅವನು ಕೆಲಸ ಮುಗಿಸಿ ವಿಶ್ರಮಿಸುವಂತೆ ಕಾಣುವನು. ಆದರೆ ದಿನದ ಮುಖ್ಯವಾದ ಕೆಲಸ ಆಗಲೇ ನಡೆದಿರುವುದು. ಅವನು ತಿನ್ನುತ್ತಿರುವ ಕುರಿಗಳನ್ನು ನೋಡುತ್ತಿಲ್ಲ. ಯಾವುದು ಬರಲಿಲ್ಲ?

ಮೂಲೆಯಲ್ಲಿ ಒಂದು ಕುರಿ ತಲೆಯನ್ನು ಮೇಲೆತ್ತಿ ನಿಂತಿರುತ್ತದೆ. ಹತ್ತಿರ ಹೋದರೂ ಸರಿಯುವುದಿಲ್ಲ. ಕಣ್ಣು ತೆರೆದಿದೆ, ಕೈಯಾಡಿಸಿದರೆ ರೆಪ್ಪೆ ಬಡಿಯದು. ಉಸಿರಿನಲ್ಲಿ ಅತಿಯಾಗಿ ಕಳಿತ ಹಣ್ಣಿನಂಥ ಸಿಹಿವಾಸನೆ. ಇದೇ ಅವಳಿಮರಿಯ ರೋಗ. ಹೊರಗಿನಿಂದ ಬರುವ ಆಹಾರ ಸಾಲದೆ ಹೋದಾಗ ತಾಯಿ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಮರಿಗಳಿಗೆ ಕೊಡತೊಡಗುತ್ತಾಳೆ. ಅವಸರದಲ್ಲಿ ಕರಗಿದ ಕೊಬ್ಬಿನಿಂದ ಕೀಟೋನುಗಳೆಂಬ ವಸ್ತುಗಳು ಹುಟ್ಟಿ ರಕ್ತವನ್ನು ಸೇರುತ್ತವೆ. ಮಿದುಳಿಗೆ ಬೇಕಾದ ಸಕ್ಕರೆಯ ಅಂಶ ಇಳಿಯುತ್ತದೆ. ಬಡಕಲು ಕುರಿಗಳಿಗಷ್ಟೇ ಅಲ್ಲ, ಕೊಬ್ಬಿದ ಕುರಿಗಳಿಗೂ ಇದು ಬರುವುದು. ಸುಣ್ಣದ ಅಂಶ ಕಡಮೆಯಾದರೂ ಕುರಿ ಹೀಗೆಯೇ ಮಂಕಾಗುವುದುಂಟು; ಅದಾದರೆ ಕ್ಯಾಲ್ಸಿಯಂ ಚುಚ್ಚಿದ ಒಂದು ಗಂಟೆಯೊಳಗೆ ಎದ್ದು ಮೇವಿಗೆ ಬರುತ್ತದೆ. ಅವಳಿಯ ರೋಗ ಅಷ್ಟು ಸುಲಭವಲ್ಲ. ಮೊದಲ ದಿನವೇ ಗುರುತಿಸಿ, ಪ್ರೊಪಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವವನ್ನು ಬಾಯಿಗೆ ಹೊಯ್ದು, ಬೇರೆ ಅಂಕಣದಲ್ಲಿಟ್ಟು, ಒಳ್ಳೆಯ ಹುಲ್ಲನ್ನು ಕೈಯಲ್ಲಿ ಹಿಡಿದು ತಿನ್ನಿಸಿದರೆ ಬದುಕೀತು. ಮೂರನೆಯ ದಿನ ಕಾಲು ಮಡಿಸಿ ಮಲಗಿದ ಕುರಿಯನ್ನು ಎಬ್ಬಿಸುವ ಔಷಧ ಇಂದಿಗೂ ವಿರಳ. ಒಂದು ಹೊತ್ತು ಗೋದಲಿಗೆ ಬಾರದಿದ್ದುದನ್ನು ಕಂಡವನಿಗೂ ಕಾಣದವನಿಗೂ ಇರುವ ಅಂತರ ಮೂರು ಜೀವಗಳು.

ಈ ಎಲ್ಲ ಎಚ್ಚರವೂ ವ್ಯರ್ಥವಾದ ವರ್ಷ 2001. ಫೆಬ್ರವರಿಯಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು; ಕಂಬ್ರಿಯಕ್ಕೆ ತಗಲಿದ ಪೆಟ್ಟು ಇನ್ನಾವ ಸೀಮೆಗೂ ತಗಲಲಿಲ್ಲ. ದೇಶದಲ್ಲಿ ರೋಗ ದೃಢಪಟ್ಟ ಎರಡು ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ ಸುಮಾರು 900 ಅಲ್ಲಿಯವೇ. ರೋಗ ಹರಡದಿರಲೆಂದು ರೋಗವಿಲ್ಲದ ನೆರೆಹೊರೆಯ ಮಂದೆಗಳನ್ನೂ ಕೊಂದರು. ದೇಶದಲ್ಲಿ ಒಟ್ಟು ಅರುವತ್ತು ಲಕ್ಷಕ್ಕೂ ಮಿಕ್ಕ ಪ್ರಾಣಿಗಳು, ಬಹುಪಾಲು ಕುರಿಗಳು. ಕಾಲ ಯಾವುದೆಂದು ನೆನೆಯಬೇಕು: ಫೆಬ್ರವರಿ, ಮಾರ್ಚಿ, ಏಪ್ರಿಲ್. ಎಣಿಸಿ ಎಣಿಸಿ ಹಿಂಡಿಯಿಟ್ಟ ಆ ಆರು ವಾರಗಳು. ಈಯುವುದಕ್ಕೆ ವಾರವಿದ್ದ ಕುರಿಗಳೂ ಹೋದುವು, ಮುನ್ನಾದಿನ ಹುಟ್ಟಿದ ಮರಿಗಳೂ ಹೋದುವು. ಕಾರ್ಲೈಲ್ ನಗರದ ಸಮೀಪ ಗ್ರೇಟ್ ಆರ್ಟನ್ ಎಂಬಲ್ಲಿ ಹಾಳುಬಿದ್ದಿದ್ದ ವಿಮಾನನೆಲೆಯೊಂದರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಕಳೇಬರಗಳನ್ನು ಹೂಳಲಾಯಿತು. ಇಂದು ಅದು ವಾಚ್‌ಟ್ರೀ ಎಂಬ ಹೆಸರಿನ ಪ್ರಕೃತಿಧಾಮ; ಗಿಡಮರ ಬೆಳೆದಿವೆ, ಹಕ್ಕಿಗಳಿವೆ. ಮಂದೆ ಕಳೆದುಕೊಂಡವರಿಗೆ ಸರಕಾರ ಪರಿಹಾರ ಕೊಟ್ಟಿತು. ಆದರೆ ಬೆಟ್ಟದ ಮಂದೆಗಳು ಹೋದಲ್ಲಿ, ನೆಲದ ಎಲ್ಲೆಯನ್ನು ಮರಿಗೆ ಕಲಿಸಬೇಕಾಗಿದ್ದ ತಾಯಂದಿರೇ ಇಲ್ಲವಾದುದರಿಂದ, ಹೊಸದಾಗಿ ತಂದ ಕುರಿಗಳನ್ನು ಮನುಷ್ಯರೇ ಕಾದು, ತಿರುಗಿಸಿ, ವರ್ಷಗಳ ಕಾಲ ಆ ಪಾಠವನ್ನು ಕಲಿಸಬೇಕಾಯಿತು. ಹಣದಿಂದ ಕುರಿಯನ್ನು ಕೊಳ್ಳಬಹುದಾಗಿತ್ತು, ಅದರ ನೆನಪನ್ನಲ್ಲ.

ಉಳಿದ ವರ್ಷಗಳಲ್ಲಿ ಏಪ್ರಿಲ್ ಮೊದಲ ವಾರ ಕೊಟ್ಟಿಗೆಯ ದೀಪ ರಾತ್ರಿಯಿಡೀ ಉರಿಯುತ್ತದೆ. ಮನೆಮಂದಿಗೆಲ್ಲ ಸರದಿಯ ನಿದ್ದೆ. ಹುಟ್ಟಿದ ಮರಿ ತಾಯಿಯ ಗರ್ಭದಿಂದ ರೋಗನಿರೋಧದ ಶಕ್ತಿಯನ್ನು ಕೊಂಚವೂ ತಂದಿರುವುದಿಲ್ಲ. ಅದೆಲ್ಲವೂ ಗಿಣ್ಣಿನಿಂದಲೇ ಬರಬೇಕು. ಮೂತ್ರಪಿಂಡದ ಸುತ್ತ ಅಂಟಿಕೊಂಡ ಕಂದುಕೊಬ್ಬು ಮೈಯನ್ನು ಕೆಲವು ಗಂಟೆಗಳ ಕಾಲ ಬೆಚ್ಚಗಿಟ್ಟೀತು. ಅಷ್ಟರೊಳಗೆ ಕೆಚ್ಚಲು ಸಿಕ್ಕಬೇಕು. ನಾಲ್ಕು ಕಿಲೋದ ಮರಿಗೆ ಮೊದಲ ಎರಡು ಗಂಟೆಗಳಲ್ಲಿ 200 ಮಿಲಿಲೀಟರು, ಒಂದು ದಿನದಲ್ಲಿ 800 ಮಿಲಿಲೀಟರು. ಎದ್ದು ನಿಲ್ಲಲಾರದ ಮರಿಗೆ ತಾಯಿಯದನ್ನೇ ಕರೆದು ನಳಿಕೆಯಿಂದ ಹೊಟ್ಟೆಗೆ ಇಳಿಸುವರು. ಮಾರ್ಚಿಯಲ್ಲಿ ಗೋದಲಿಗೆ ಹಾಕಿದ ಆ ನೂರು ನೂರು ಗ್ರಾಂ ಹಿಂಡಿ ಏನಾಯಿತೆಂಬುದು ಈ ಎರಡು ಗಂಟೆಗಳಲ್ಲಿ ಗೊತ್ತಾಗಿಬಿಡುತ್ತದೆ.

ಒಂದೆರಡು ದಿನ ಕಳೆದ ಮೇಲೆ ತಾಯಿಯ ಪಕ್ಕೆಗೂ ಮರಿಗಳ ಪಕ್ಕೆಗೂ ಒಂದೇ ಅಂಕಿಯನ್ನು ಬಣ್ಣದಲ್ಲಿ ಒತ್ತುವರು, ಹೊಲದಲ್ಲಿ ತಪ್ಪಿಸಿಕೊಂಡರೆ ಯಾರದು ಯಾವುದೆಂದು ತಿಳಿಯಲಿ ಎಂದು. ಆಗ ಸೂರು ಮುಟ್ಟಿದ್ದ ಹುಲ್ಲಿನ ರಾಶಿಯ ಜಾಗದಲ್ಲಿ ಹತ್ತೋ ಹನ್ನೆರಡೋ ಹೊರೆ ಉಳಿದಿರುತ್ತವೆ. ಬಿಸಿಲಿರುವ ಒಂದು ಬೆಳಗ್ಗೆ ಬಾಗಿಲು ತೆರೆಯುತ್ತದೆ. ಹೊಸ್ತಿಲು ದಾಟಿದ ಕುರಿ ಮುಂದಿನ ಹಸುರನ್ನು ನೋಡಿಯೂ ಓಡುವುದಿಲ್ಲ. ನಿಂತು, ಹಿಂತಿರುಗಿ, ಎರಡೂ ಮರಿಗಳು ಬಂದುವೇ ಎಂದು ಒಂದು ಸಲ ಮೂಸಿ ನೋಡಿ, ಅನಂತರ ಹುಲ್ಲಿಗೆ ಬಾಯಿ ಹಾಕುತ್ತದೆ.